ಕುದುರೆಯ ಓಟದಲ್ಲಿ ಅಕ್ಕನ ಬಳೆ

ಕಳೆದ ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ ಸೀದ ವಾಸನೆ ಮನೆಯೆಲ್ಲ ತುಂಬಿತ್ತು. ಗ್ರೋಸರಿಯಿಂದ ತಂದ ಫ್ರೋಜನ್ ರೊಟ್ಟಿ. ಬಿಸಿ ಮಾಡಲು ಇಟ್ಟು ಮರೆತವನು ನಾನೇ. ಕಿಟಕಿ ತೆಗೆಯುವಷ್ಟರಲ್ಲಿ, ಹಾಲ್‌ನಲ್ಲಿ ಮಗಳು ಆಡುತ್ತಿದ್ದ ವಿಡಿಯೋ ಗೇಮಿನಿಂದ ಕುದುರೆ ಓಡುವ ಸದ್ದು ಕೇಳಿತು. ಪಟ ಪಟ ಪಟ... ನಡುವೆ ಸಣ್ಣಗೆ ಕಿಣಿಕಿಣಿ. ಆ ವಾಸನೆಯೂ ಈ ಸದ್ದೂ ಒಟ್ಟಿಗೆ ಬಂದಾಗ ಧಾರವಾಡದ ಅಕ್ಕ ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಮನೆಯ ಒಲೆ ಮುಂದೆ ನಿಂತಂತಾಯಿತು. ಹಿಂದೆಯೇ ಸಿಟ್ಟೂ ಬಂತು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಹತ್ತಿರದ ಮೌಂಟನ್ ವ್ಯೂ ಊರಿನ ಒಂದು ಗೇಮ್ ಕಂಪನಿಯಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನವರು. ಆಟಕ್ಕೆ ಬೇಕಾದ ಸದ್ದುಗಳನ್ನು ಮಾಡುವುದು ಅವರ ಕೆಲಸ, ಅದೂ ಕಾಂಟ್ರ್ಯಾಕ್ಟಿನ ಮೇಲೆ. ನಾನು ಮೈಸೂರಿನವನು, ಆಗಿನ್ನೂ ಹೊಸಬ. ಮೀಟಿಂಗಿಗೆ ಕರೆಯುವುದು, ಪಟ್ಟಿ ಮಾಡುವುದು ಎಲ್ಲ ನನ್ನ ತಲೆಗೆ. ಕನ್ನಡದವನು ಎಂದು ಗೊತ್ತಾದ ದಿನವೇ ಅವರು ನನ್ನನ್ನು ತಮ್ಮಾ ಎಂದರು. ಆಮೇಲೆ ನಾನು ಮಧ್ಯಾಹ್ನ ಒಬ್ಬನೇ ಊಟ ಮಾಡಿದ್ದು ನೆನಪಿಲ್ಲ.

ಕಳೆದುಹೋದ ತಂಗಿಯನ್ನು ಹುಡುಕುತ್ತ ಮರಳುಗಾಡಿನಲ್ಲಿ ಕುದುರೆ ಓಡಿಸುವ ಹುಡುಗಿಯ ಆಟ ಅದು. ಗೊರಸಿನ ಸದ್ದು ಎಷ್ಟು ಮಾಡಿದರೂ ಅಕ್ಕನಿಗೆ ಸಮಾಧಾನವಿಲ್ಲ. "ತೆಂಗಿನ ಚಿಪ್ಪು ಎಲ್ಲಾರೂ ಬಡೀತಾರ. ಉಸುಕಿನ್ಯಾಗ ಕುದರಿ ಹಂಗ ಕೇಳಸಂಗಿಲ್ಲ," ಎನ್ನುತ್ತಿದ್ದರು. ಕಡೆಗೊಂದು ಶನಿವಾರ ಮೈಕು ಹೊತ್ತುಕೊಂಡು ಅವರ ಅಪಾರ್ಟ್‌ಮೆಂಟಿಗೆ ಹೋದೆ. ಗುಂಯ್ ಎನ್ನುತ್ತದೆಂದು ಫ್ರಿಜ್ಜು ಆರಿಸಿದೆವು. ಹೊರಗೆ ತೋಟದವನು ತರಗೆಲೆ ಊದುವ ಯಂತ್ರ ನಿಲ್ಲಿಸುವವರೆಗೂ ಕಾದೆವು. ಆಮೇಲೆ ಅಕ್ಕ ಮಣೆಯ ಮೇಲೆ ಹಿಟ್ಟು ಉದುರಿಸಿ ರೊಟ್ಟಿ ಬಡಿಯತೊಡಗಿದರು. ಅಬ್ಬಾ! ಕಣ್ಣು ಮುಚ್ಚಿದರೆ ಮರಳಿನ ಮೇಲೆ ಕುದುರೆಯೇ. ಆದರೆ ಕೈತುಂಬ ಹಸಿರು ಗಾಜಿನ ಬಳೆ... ಮೈಕಿನಲ್ಲಿ ಅವೂ ಕೇಳುತ್ತಿದ್ದವು.

"ಅಕ್ಕ, ಸ್ವಲ್ಪ ಹೊತ್ತು ಬಳೆ ತೆಗೆದಿಡ್ತೀರಾ?" ಎಂದೆ.

"ಅಯ್ಯ ನಿನ್ನ! ಮುತ್ತೈದಿ ಬರಿಗೈಲೆ ರೊಟ್ಟಿ ಬಡೀಲೇನು? ಕುದರಿಗೆ ಗೆಜ್ಜಿ ಕಟ್ಯಾರ ಅಂತ ತಿಳ್ಕೋ."

ನಾನು ನಕ್ಕು ಮೈಕನ್ನು ಮತ್ತೆ ಹತ್ತಿರ ಹಿಡಿದೆ. ರೆಕಾರ್ಡ್ ಆದ ರೊಟ್ಟಿಯನ್ನೇ ಎಣ್ಣೆಗಾಯಿ ಹಚ್ಚಿಕೊಂಡು ತಿಂದೆವು. ಬಳೆಯ ಸದ್ದು ಆಟದಲ್ಲಿ ಹಾಗೆಯೇ ಉಳಿಯಿತು.

ಆಟ ಬಿಡುಗಡೆಯಾಗುವ ಮೊದಲೇ ಅಕ್ಕನ ಕಾಂಟ್ರ್ಯಾಕ್ಟು ಮುಗಿಯಿತು. ಈ ಕಸುಬಿನಲ್ಲಿ ಒಂದು ಹಾಳು ಪದ್ಧತಿಯಿದೆ. ಸಿನಿಮಾದ ಹಾಗೆ ಆಟದ ಕೊನೆಯಲ್ಲೂ ದುಡಿದವರ ಹೆಸರುಗಳು ಬರುತ್ತವೆ. ಆದರೆ ಬಿಡುಗಡೆಯ ದಿನ ಕಂಪನಿಯಲ್ಲಿ ಇಲ್ಲದವರ ಹೆಸರು, ಎಷ್ಟೇ ದುಡಿದಿರಲಿ, ಹಾಕುವುದಿಲ್ಲ. ಯಾವ ನ್ಯಾಯ ಇದು? ಆಫೀಸಿಗೆ ಬಂದು ಸೋಫಾದ ಮೇಲೆ ಮಲಗುತ್ತಿದ್ದ ನಾಯಿಯ ಹೆಸರು ಆ ಪಟ್ಟಿಯಲ್ಲಿತ್ತು. ಅಕ್ಕನ ಹೆಸರಿರಲಿಲ್ಲ.

ಬಿಡುಗಡೆಯಾದ ವಾರ ಅಕ್ಕ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು. ನಾನು ಆಟದ ಕೊನೆಯ ಭಾಗ ಹಾಕಿದೆ. ಹೆಸರುಗಳು ಮೇಲೇರತೊಡಗಿದಾಗ ಸೋಫಾದ ಅಂಚಿಗೆ ಬಂದು ಕುಳಿತರು. ನನ್ನ ಹೆಸರು ಬಂದಾಗ ಚಪ್ಪಾಳೆ ತಟ್ಟಿದರು. ನಾಯಿಯ ಹೆಸರೂ ಬಂತು, ಹೋಯಿತು. ಪರದೆ ಕಪ್ಪಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನೋಡುತ್ತಿದ್ದರು... "ಇರ್ಲಿ ಬಿಡೋ ತಮ್ಮಾ. ಕುದರಿ ಚಂದ ಓಡ್ಲಿಕತ್ತದಲ್ಲ," ಎಂದರು. ನಾನು ಕಾಫಿ ಮಾಡುವ ನೆವದಲ್ಲಿ ಎದ್ದುಹೋದೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಈ ವರ್ಷ ಅದೇ ಆಟ, ಬಣ್ಣ ಹೊಳಪು ಹೆಚ್ಚಿಸಿಕೊಂಡು, ಎನ್‌ಹಾನ್ಸ್ಡ್ ಎಡಿಷನ್ ಎಂಬ ಹೆಸರಿನಲ್ಲಿ ಮತ್ತೆ ಬಂತು. ಮೊದಲು ಬಂದಾಗ ಅಷ್ಟಕ್ಕಷ್ಟೇ ಹೋಗಿದ್ದ ಆಟ ಈ ಸಲ ಮಾರಾಟವೋ ಮಾರಾಟ. ಅದಕ್ಕೊಂದು ಕಾರಣವಿದೆ, ಕೇಳಿ. ಹೊಸ ತಂಡದ ಜಾಣರು ಬಳೆಯ ಸದ್ದನ್ನು ಗಲೀಜು ಎಂದು ತೊಳೆದುಹಾಕಿದ್ದರು. ಪ್ರಚಾರಕ್ಕೆಂದು ಬಿಟ್ಟ ಮೊದಲ ತುಣುಕು ಕೇಳಿದ್ದೇ ತಡ, ಹಳೆಯ ಆಟಗಾರರು ರಂಪ ಮಾಡಿದರು: ಕಿಣಿಕಿಣಿ ಇಲ್ಲದ ಕುದುರೆ ನಮ್ಮದಲ್ಲ, ನಾವು ಕೊಳ್ಳುವುದಿಲ್ಲ. ಕಂಪನಿ ಹೆದರಿ ಹಳೆಯ ಸದ್ದನ್ನೇ ವಾಪಸ್ ಹಾಕಿತು. ಅಷ್ಟೇ ಅಲ್ಲ, ಜಾಹೀರಾತಿನಲ್ಲೂ ಅದನ್ನೇ ಮೆರೆಸಿತು. ಕಂಪನಿಯ ಮುಖ್ಯಸ್ಥ ಸಂದರ್ಶನವೊಂದರಲ್ಲಿ ನಗುನಗುತ್ತ, ಆ ಸದ್ದು ಅದೃಷ್ಟದಿಂದ ಸಿಕ್ಕಿದ್ದು ಎಂದ.

ಅದೃಷ್ಟವಂತೆ! ಯಾರಪ್ಪನ ಅದೃಷ್ಟ? ಬಳೆ ತೆಗೆಯುವುದಿಲ್ಲ ಎಂದು ಒಬ್ಬ ಹೆಂಗಸು ಹಟ ಹಿಡಿದದ್ದಕ್ಕೆ ಸಿಕ್ಕ ಸದ್ದು ಅದು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ. ಕಂಪನಿ ಬಿಟ್ಟು ವರ್ಷಗಳಾಗಿದ್ದರೂ ನಾನು ಅವರಿಗೆ ಉದ್ದದ ಪತ್ರ ಬರೆದೆ, ಅಕ್ಕನ ಹೆಸರು ಸೇರಿಸಿ ಎಂದು. ಎರಡು ಸಾಲಿನ ಉತ್ತರ ಬಂತು. ಹಳೆಯ ತಂಡದ ಹೆಸರುಗಳನ್ನು, ಅವರ ಮೇಲಿನ ಗೌರವದಿಂದ, ಅಂದಿನ ಪಟ್ಟಿಯಲ್ಲಿ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇವೆ ಎಂದು.

ಆ ಪಟ್ಟಿ... ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು. ಇಷ್ಟು ಹೊತ್ತು ಕಂಪನಿಯನ್ನು ಬೈದೆ. ಪಟ್ಟಿ ಮಾಡುವ ಕೆಲಸ ಯಾರದಾಗಿತ್ತು? ಅಕ್ಕನ ಹೆಸರನ್ನು ಮೊದಲು ಟೈಪ್ ಮಾಡಿದವನು ನಾನು. ಮೇಲಿನವರು ರೂಲ್ಸು ಎಂದಾಗ ಒಂದು ಮಾತೂ ಎದುರಾಡದೆ ಅಳಿಸಿದವನೂ ನಾನೇ. ನಾಯಿಯ ಹೆಸರಿಗೆ ಮಾತ್ರ ಸ್ಪೆಲಿಂಗು ಸರಿಯಿದೆಯೇ ಎಂದು ಎರಡು ಸಲ ಕೇಳಿದ್ದೆ.

ಭಾನುವಾರ ಮಗಳು ಆಟ ಮುಗಿಸಿದಳು. ಸೀದ ರೊಟ್ಟಿಯ ತಟ್ಟೆ ಹಿಡಿದು ಅವಳ ಪಕ್ಕ ಕುಳಿತೆ. ಹೆಸರುಗಳು ಮೇಲೇರಿದವು. ಬಳೆಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದವಳು ಅವಳು. "ಅಪ್ಪಾ, ವೇರ್ ಈಸ್ ಧಾರವಾಡ್ ಅಕ್ಕ?" ಎಂದಳು.

"ಇಲ್ಲ ಪುಟ್ಟಿ. ನಾನೇ ಅಳಿಸಿಬಿಟ್ಟೆ."

ಅವಳು ನನ್ನನ್ನೇ ನೋಡಿದಳು. "ಡಿಡ್ ಯೂ ಟೆಲ್ ಹರ್?"

ಹೇಳಿರಲಿಲ್ಲ. ಹೇಳಲು ಎಷ್ಟು ವರ್ಷಗಳಿದ್ದವು! ಪ್ರತಿ ದೀಪಾವಳಿಗೂ ಅವರೇ ಫೋನ್ ಮಾಡುತ್ತಿದ್ದರು. ಈ ಬರಹದಲ್ಲೂ ಅವರ ಹೆಸರು ಬರೆದಿಲ್ಲ. ಬರೆದರೆ ಅಲ್ಲಿಗೆ ನನ್ನ ಮನಸ್ಸು ಹಗುರಾಗಿಬಿಡುತ್ತದೆ. ಆ ಹೆಸರು ಬರಬೇಕಾದ ಜಾಗ ಇದಲ್ಲ.

ಮಗಳು ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಿ ವಾಲ್ಯೂಮು ಜೋರು ಮಾಡಿದಳು. ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದರು.