ಮಂಚಮ್ಮನ ಮುಖಕ್ಕೆ ಸಾವಿರದ ಎಂಬತ್ತು ಸಾಲು ಚುಕ್ಕಿ

ಪೂರಿಗಾಲಿಯಲ್ಲಿ ನಮ್ಮತ್ತೆ ಮಂಚಮ್ಮನ ಬಾಯಿಗೆ ಹೆದರದವರು ಇಬ್ಬರೇ. ಸೊಸೆಯಾದ ನಾನು, ಮತ್ತೆ ಎದುರುಮನೆ ಬೆಳ್ಳಮ್ಮ. ಆ ಬಾಯಲ್ಲಿ ಎಲೆ-ಅಡಿಕೆ ಇಲ್ಲದ ಗಳಿಗೆ ನಾನಂತೂ ಕಂಡಿಲ್ಲ. ಅರವತ್ತೆಂಟು ವಯಸ್ಸು, ಇಪ್ಪತ್ತೊಂದು ಸಾಲು ಚುಕ್ಕಿಯ ರಂಗೋಲಿಯನ್ನು ಈಗಲೂ ಸೊಂಟ ನೆಟ್ಟಗೆ ಮಾಡದೆ ಬಿಡಿಸಿ ಮುಗಿಸುತ್ತಾರೆ. ಹೋದ ತಿಂಗಳು ಟಿವಿಯವರು ಅತ್ತೆ ಹಾಡುವ ಸೋಬಾನೆ ತಂಡವನ್ನು ಕರೆಸಿ ಹಾಡಿಸಿದರು ನೋಡಿ, ಅಲ್ಲಿಂದ ನಮ್ಮತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ ಗಂಟ್ಲು ಇಲ್ದಿದ್ರೆ ಆ ಸೋಬಾನೆ ಆಡೇ ಏಳ್ತಿರ್ಲಿಲ್ಲ ಕಣಮ್ಮಿ!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಪ್ರಸಾರದ ದಿನ ನಮ್ಮ ಹಳೇ ಟಿವಿಯಲ್ಲಿ ಹಿಂದಿನ ಸಾಲಿನ ಮುಖಗಳೆಲ್ಲ ಕಲಸಿಹೋಗಿದ್ದವು. ಬೆಳ್ಳಮ್ಮ ಬಿಡುತ್ತಾರೆಯೇ? "ಅದು ನೀನಲ್ಲ ಬುಡೇ, ಯಾವ್ದೋ ಮೂಟೆ!" ಅಂದುಬಿಟ್ಟರು. ಭಾನುವಾರ ಮೂರಕ್ಕೆ ಮರುಪ್ರಸಾರ ಎಂದು ತಿಳಿದದ್ದೇ ತಡ, ಗೋಡೆ ತುಂಬುವ ಎಚ್‌ಡಿ ಟಿವಿ ಮನೆಗೆ ಬಂತು. ಬೆಳ್ಳಮ್ಮನ ಬಾಯಿ ಮುಚ್ಚಿಸುವುದೊಂದೇ ಅತ್ತೆಯ ಗುರಿ.

ಹಾಕಿ ನೋಡಿದರೆ ಅದೂ ಮಸುಕು! ಭಾನುವಾರ ಎರಡೂವರೆ, ಬೀದಿಯೆಲ್ಲ ನಮ್ಮ ನಡುಮನೆಯಲ್ಲಿ. ಮಳವಳ್ಳಿಯ ಟಿವಿ ಮೆಕ್ಯಾನಿಕ್ ಅಫ್ಸರ್ ಪಾಷಾ ಚೀಲ ಹಿಡಿದು ಓಡಿಬಂದರು.

"ಅವ್ವಾ, ಟಿವಿ ಹೊಸ್ದು, ಸೆಟ್‌ಟಾಪ್ ಡಬ್ಬಿ ಹಳೇದು. ಇಪ್ಪತ್ತೊಂದು ಸಾಲಿನ ನವಿಲು ರಂಗೋಲೀನ ಅರ್ಧ ಚುಕ್ಕೀಲಿ ಬುಡ್ಸಿದ್ರೆ?"

"ಕೋಳಿ ತರ ಕಾಣ್ತದೆ ಕಣ್ಲಾ."

"ಅಷ್ಟೇಯಾ. ಈ ಟಿವೀಲಿ ಸಾವಿರದ ಎಂಬತ್ತು ಸಾಲು ಚುಕ್ಕಿ ಅವೆ. ಡಬ್ಬಿ ಕಳ್ಸೋದು ಹತ್ತತ್ರ ಅರ್ಧ. ಬಂದಿದ್ನೇ ಟಿವಿ ಇಗ್ಗಿಸಿ ತುಂಬ್ತದೆ, ಅದ್ಕೇ ಮಸುಕು."

ಅತ್ತೆಗೆ ಒಂದೇ ಸಲಕ್ಕೆ ಅರ್ಥವಾಯಿತು. ನನಗಾಗಲಿಲ್ಲ, ಆ ಮಾತು ಬಿಡಿ. ಪಾಷಾ ಎಚ್‌ಡಿ ಡಬ್ಬಿ ಕೂರಿಸಿದರು, ಹೊಸ ವೈರು ಚುಚ್ಚಿದರು, ಎಚ್‌ಡಿ ಚಾನೆಲ್ಲೂ ಹಾಕಿದರು. ಆದರೂ ಮಂಜು! ಅವರು ಪರದೆಯ ಮೇಲೆ ಬೆರಳಾಡಿಸಿ ತಲೆ ಚಚ್ಚಿಕೊಂಡರು. ಕಾರ್ಖಾನೆಯವರು ಅಂಟಿಸಿದ ಪ್ಲಾಸ್ಟಿಕ್ ಕವರು ಹಾಗೇ ಇತ್ತು. ಅದರ ಮೇಲೆ ಟಿವಿ ತಂದು ಪೂಜೆ ಮಾಡಿದ ದಿನ ಅತ್ತೆ ಎಳೆದ ಮೂರು ಪಟ್ಟೆ ವಿಭೂತಿ.

"ಕವರ್ ಕಿತ್ರೆ ಹಳೇದಾಗೋಯ್ತದೆ!" ಎಂದು ಅತ್ತೆ ಅಡ್ಡ ನಿಂತರು. ನಮ್ಮ ಫ್ರಿಜ್ಜಿನ ಕವರು ತೆಗೆದೇ ಇಲ್ಲ, ಆರು ವರ್ಷವಾಯಿತು.

ಗಡಿಯಾರ ಮೂರು ಹೊಡೆಯಿತು. "ಬತ್ತದೆ ಮೂಟೆ, ನೋಡ್ರವ್ವಾ" ಎಂದರು ಬೆಳ್ಳಮ್ಮ. ಅತ್ತೆ ಕಣ್ಣು ಮುಚ್ಚಿ, ಪರ್ರನೆ ಕಿತ್ತರು.

ಅಬ್ಬಬ್ಬಾ! ಮೂರನೇ ಸಾಲಿನಲ್ಲಿ ನಮ್ಮತ್ತೆ, ಓಲೆಯ ಕೆಂಪು ಹರಳಿನ ಸಮೇತ! ನಾನೇ ಮೊದಲು ಕೂಗಿದ್ದು. ಎಷ್ಟು ಜಗಳವಾಡಿದರೂ ನಮ್ಮತ್ತೆ ತಾನೇ, ನನಗೆ ಕುಣಿಯುವಷ್ಟು ಖುಷಿಯಾಯಿತು. ಬೀದಿಯೆಲ್ಲ ಚಪ್ಪಾಳೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಬೆಳ್ಳಮ್ಮನ ಕಡೆ ತಿರುಗಿದರು.

ಬೆಳ್ಳಮ್ಮ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ನೀನೇ ಕಣೇ, ಒಪ್ಕಂಡೆ. ಆದ್ರೆ ಎಲ್ರೂ ಆಡ್ತಾವ್ರೆ, ನೀನೊಬ್ಳು ಯಾಕೆ ಮೆಲುಕಾಕ್ತಾ ಇದ್ದೀಯೆ?"

ನೋಡಿದೆವು. ಬಲಗೆನ್ನೆ ಉಬ್ಬಿತ್ತು, ತುಟಿಯಂಚು ಕೆಂಪಗಿತ್ತು. ಹಾಡು ಮುಗಿಯುವವರೆಗೂ ಆ ಬಾಯಿ ಒಮ್ಮೆಯೂ ತೆರೆಯಲಿಲ್ಲ, ಬರೀ ಅಗಿಯಿತು. ನಕ್ಕು ನಕ್ಕು ನಾನು ಗೋಡೆ ಹಿಡಿದುಕೊಂಡೆ, ಪಾಷಾ ನೆಲದ ಮೇಲೇ ಕೂತುಬಿಟ್ಟರು.

ಅತ್ತೆ ನೆಲದಲ್ಲಿ ಬಿದ್ದಿದ್ದ ಕವರನ್ನು ಎತ್ತಿ ಕೊಡವಿದರು.

"ಲೇ ಪಾಷಾ, ಇದ್ನ ವಾಪಸ್ ಅಂಟಿಸ್ಲಾ!"