ತುರ್ಕಿ ಹೆಂಗಸಾದ ರತ್ನವ್ವ

ರತ್ನವ್ವ ನನ್ನ ಹೆಂಡತಿ. ಊರು ಧಾರವಾಡದ ಹತ್ತಿರ, ಈಗ ಸಿಡ್ನಿಯ ಗಿರಾವೀನ್ ಬಡಾವಣೆ. ಹತ್ತಿರದ ಆಬರ್ನ್‌ನಲ್ಲಿ ನೆರ್ಮಿನ್ ಎಂಬ ತುರ್ಕಿ ಹೆಂಗಸಿನ ಅಂಗಡಿಯಲ್ಲಿ ಪಾಲಕ್, ಈರುಳ್ಳಿ ತುಂಬಿದ ತೆಳು ರೊಟ್ಟಿ ಲಟ್ಟಿಸುತ್ತಾಳೆ. ಹೋಳಿಗೆ ಮಾಡಿದ ಕೈ, ಯಾರೂ ಕಲಿಸಬೇಕಾಗಲಿಲ್ಲ. ಕೂದಲಿಗೆ ಹಿಟ್ಟು ಹತ್ತದಿರಲೆಂದು ತಲೆಗೆ ಬಟ್ಟೆ ಕಟ್ಟಿ, ಗಿರಾಕಿಗಳಿಗೆ ಕಾಣುವಂತೆ ಕಿಟಕಿಯ ಬಳಿ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ. ನೆರ್ಮಿನ್ ಜೀನ್ಸ್ ತೊಟ್ಟು ಗಲ್ಲಾದ ಹಿಂದೆ ನಿಲ್ಲುತ್ತಾಳೆ. ಅವರವರ ಭಾಷೆಯ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಇಬ್ಬರಿಗೂ ದಿನವಿಡೀ ಹರಟೆ.

೨೦೧೪ರಲ್ಲಿ ಮೆಲ್ಬರ್ನಿನಿಂದ ಬಿಳಿ ಲೇಖಕಿಯೊಬ್ಬಳು ಬಂದಳು. ಇಸ್ತಾಂಬುಲ್ ಸುತ್ತಿದವಳು, ತುರ್ಕಿ ಹೆಂಗಸರ ಬದುಕಿನ ಪುಸ್ತಕಕ್ಕೆ ಕೊನೆಯ ಅಧ್ಯಾಯ ಬೇಕಿತ್ತಂತೆ. ತಾನು ಪುಸ್ತಕದಲ್ಲಿ ಬರುತ್ತೇನೆಂದು ನೆರ್ಮಿನ್ ಮೆಲ್ಬರ್ನಿನ ತಾಯಿಗೆ ಮೊದಲೇ ಫೋನ್ ಮಾಡಿದ್ದಳು. ತಾಯಿ ಬೀದಿಗೆಲ್ಲ ಸಾರಿದ್ದಳು.

ಲೇಖಕಿ ನೆರ್ಮಿನ್‌ಗೆ ಕಾಫಿ ಹೇಳಿ, ಸೀದಾ ರತ್ನವ್ವನ ಮುಂದೆ ಕೂತಳು. ರತ್ನವ್ವನ ಇಂಗ್ಲಿಷೆಂದರೆ 'ಯೆಸ್'. ದುಃಖವಿದೆಯಾ? ಯೆಸ್. ಗಂಡ ಹೆದರಿಸಿ ತಲೆ ಮುಚ್ಚಿಸಿದನಾ? ಯೆಸ್. ಮಧ್ಯಾಹ್ನದ ಗದ್ದಲದಲ್ಲಿದ್ದ ನೆರ್ಮಿನ್ ತನ್ನ ಸರದಿ ಆಮೇಲೆ ಅಂದುಕೊಂಡಳು. ಸರದಿ ಬರಲೇ ಇಲ್ಲ.

ಪುಸ್ತಕ ಅಚ್ಚಾಗಿ ಬಂದಾಗ ಮಗಳು ಓದಿ ಹೇಳಿದಳು. ರತ್ನವ್ವನ ಫೋಟೊ ಕೆಳಗೆ 'ತುರ್ಕಿಯ ಶೋಕದ ಕಣ್ಣು'. ಶೋಕವೆಲ್ಲಿಯದು, ಈರುಳ್ಳಿ. ನಾನು ಮೀಸೆಯ ರಾಕ್ಷಸ. ನೆರ್ಮಿನ್ ಮಾತ್ರ 'ಕಾಫಿ ಕೊಟ್ಟ ಇಟಾಲಿಯನ್ ಹುಡುಗಿ'.

ನೆರ್ಮಿನ್ ರತ್ನವ್ವನ ಜೊತೆ ಮಾತು ಬಿಟ್ಟಳು.

"ಆ ಲೇಖಕಿ ಮನಿಗೆ ಹೋಗಿ ಪುಸ್ತಕ ಹರದು ಒಗದು ಬರ್ತೀನಿ," ಅಂದೆ.

"ಸುಮ್ಕಿರ್ರಿ. ಹರದ್ರ, ರಾಕ್ಷಸ ಅಂತ ಬರದದ್ದು ಖರೇನ ಆಗ್ತದ. ನೆರ್ಮಿನ್ ಒಮ್ಮೆ ಮಾತಾಡ್ಸಿದ್ರ ನನಗ ಸಾಕು."

ಪುಸ್ತಕದ ಬಿಡುಗಡೆ ಮೆಲ್ಬರ್ನಿನಲ್ಲಿ. ಲೇಖಕಿ ರತ್ನವ್ವನನ್ನು ಕರೆಸಿದ್ದಳು. ಮುಂದಿನ ಸಾಲಿನಲ್ಲಿ ನೆರ್ಮಿನ್, ಅವಳ ತಾಯಿ, ಇಡೀ ಬೀದಿ. ನಿಮ್ಮ ಭಾಷೆಯಲ್ಲೇ ಎರಡು ಮಾತು ಹೇಳಿ ಎಂದಳು ಲೇಖಕಿ. ಅದನ್ನು ನಾನು ರತ್ನವ್ವನಿಗೆ ಕನ್ನಡದಲ್ಲಿ ತಿಳಿಸಿದೆ.

"ಎವ್ವಾ, ನಾ ಧಾರವಾಡದಾಕಿ. ತುರ್ಕಿದಾಕಿ ಅಲ್ಲಿ ಕುಂತಾಳ ನೋಡು," ಎಂದು ರತ್ನವ್ವ ನೆರ್ಮಿನ್ ಕಡೆ ಬೆರಳು ತೋರಿಸಿದಳು. "ನನ್ನ ಗಂಡ ಸಿಟ್ಟಿನಂವ ಖರೆ. ಆದ್ರ ಮನ್ಯಾಗ ಹೆದರಾಂವ ಅಂವನ."

ಲೇಖಕಿ ಕಣ್ಣೊರೆಸಿಕೊಂಡು, ಯಾರಾದರೂ ಅನುವಾದಿಸಿ ಎಂದಳು. ಕನ್ನಡದ ಒಂದಕ್ಷರ ಗೊತ್ತಿಲ್ಲದ ನೆರ್ಮಿನ್ ಎದ್ದಳು.

"ಇವಳು ಇಂಡಿಯಾದವಳು. ತುರ್ಕಿ ನಾನು. ಅಂಗಡಿ ನನ್ನದು. ಅಷ್ಟೇ ಹೇಳಿದ್ದು."

ತಾಯಿಯೊಬ್ಬಳೇ ಚಪ್ಪಾಳೆ ತಟ್ಟಿದಳು. ನೆರ್ಮಿನ್ ಪಕ್ಕದ ಕುರ್ಚಿಯಲ್ಲಿದ್ದ ಬ್ಯಾಗ್ ತೆಗೆದು, ರತ್ನವ್ವನ ಕೈಹಿಡಿದು ಕೂರಿಸಿದಳು. ಇಬ್ಬರೂ ಆಗಲೇ ಕೈಸನ್ನೆ ಶುರುಮಾಡಿದ್ದರು. ನನಗೆ ಕುರ್ಚಿ ಸಿಗಲಿಲ್ಲ.