ತಳವಾರ ಬೊಮ್ಮನ ಕಾಲ್ಮರಿ

ಗದಗದ ಬಸ್ ನಿಲ್ದಾಣದಲ್ಲಿ ಪುಸ್ತಕದಂಗಡಿಗೂ ಮಿರ್ಚಿ ಕರಿಯುವ ಗಾಡಿಗೂ ನಡುವೆ ಒಂದು ಕಲ್ಲಿನ ಬೆಂಚಿದೆ. ಅಲ್ಲಿ ಕುಳಿತವನಿಗೆ ಅಗ್ಗದ ಕಾಗದದ ಹಸಿ ಮಸಿಯ ವಾಸನೆಯೂ ಕಾದ ಎಣ್ಣೆಯ ವಾಸನೆಯೂ ಒಟ್ಟಿಗೆ ಬಂದು ಮೂಗಿಗೆ ಹತ್ತುತ್ತವೆ. ಮೊನ್ನೆ ಮಧ್ಯಾಹ್ನ ನಾನು ಆ ಬೆಂಚಿನ ಮೇಲೆ ಚಪ್ಪಲಿ ಕಳಚಿ ಕುಳಿತಿದ್ದೆ. ಮುಂಡರಗಿಗೆ ಹೋಗಬೇಕಾಗಿತ್ತು. ಆ ಕಡೆಯ ಒಂದು ಹಳ್ಳಿಯಲ್ಲಿ ಮದುವೆಯಾಗಿ ವರ್ಷ ತುಂಬದ ಸೊಸೆಯೊಬ್ಬಳು ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿತು ಎಂದು ಗಂಡನ ಮನೆಯವರು ಹೇಳಿದರು. ಊರೂ ಅದನ್ನೇ ಹೇಳಿತು. ನಾನು ಅಲ್ಲಿ ಎರಡು ಸಭೆ ನಡೆಸಿ, ವರದಕ್ಷಿಣೆಯ ವಿರುದ್ಧ ನನಗೆ ತಿಳಿದದ್ದನ್ನೆಲ್ಲ ಗಟ್ಟಿ ದನಿಯಲ್ಲಿ ಹೇಳಿ ಬಂದಿದ್ದೆ. ಚಪ್ಪಾಳೆ ಬಿತ್ತು, ಯಾರೊಬ್ಬರೂ ಬಾಯಿ ಬಿಡಲಿಲ್ಲ. ಎರಡನೆಯ ಸಭೆಯಲ್ಲಿ ಅಧ್ಯಕ್ಷರೇ ನಡುವೆ ಎದ್ದು, ಎಮ್ಮೆ ಹಿಂಡುವ ಹೊತ್ತಾಯಿತೆಂದು ಹೇಳಿ ಹೋದರು. ಮೂರನೆಯ ಸಭೆಗೆ ಹೋಗುವುದು ಬೇಡ, ಬೆಟಗೇರಿಯ ಮನೆಗೆ ಮರಳಿ ಮಲಗಿಬಿಡೋಣ ಎಂದು ಆ ಬೆಂಚಿನ ಮೇಲೆ ನಿರ್ಧರಿಸಿದೆ. ದಣಿವಿಗೂ ಒಂದು ತರ್ಕವಿರುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಿಗೆ ಅದನ್ನು ಕಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಅಷ್ಟರಲ್ಲಿ ಅಂಗಡಿಯ ಹಗ್ಗಕ್ಕೆ ನೇತುಹಾಕಿದ್ದ ಒಂದು ಪುಸ್ತಕ ಗಾಳಿಗೆ ತಿರುಗಿ ನನ್ನತ್ತ ಮುಖ ಮಾಡಿತು. ತಳವಾರ ಬೊಮ್ಮನ ಹೊಸ ಕಾದಂಬರಿ.

ನೀವೂ ಅವನನ್ನು ಎಲ್ಲಿಯೋ, ಯಾರದೋ ದಿಂಬಿನ ಕೆಳಗೆ ಕಂಡಿರಬಹುದು. ಚಾಲುಕ್ಯರ ಕಾಲದ ಪುಲಿಗೆರೆ, ಎಂದರೆ ನಮ್ಮ ಲಕ್ಷ್ಮೇಶ್ವರ. ಆ ಊರ ಕಾವಲಿನ ತಳವಾರ ಬೊಮ್ಮ. ಪ್ರತಿ ಪುಸ್ತಕದಲ್ಲಿ ಒಂದು ಕೊಲೆ. ನಾನು ಗದಗದ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಈ ಮಾಲೆ ಹೊರಡುತ್ತಿತ್ತು. ಪತ್ತೇದಾರಿ ಕಾದಂಬರಿ ಸಮಾಜಕ್ಕೆ ಮಾರಕವೆಂಬ ವಿಷಯದ ಪರವಾಗಿ ಮಾತನಾಡಿ, ನಾನು ಒಂದು ಹಿತ್ತಾಳೆಯ ಫಲಕವನ್ನೂ ಗೆದ್ದಿದ್ದೆ. ಆ ತನಕ ಅಂಥ ಒಂದು ಪುಸ್ತಕವನ್ನೂ ತೆರೆದಿರಲಿಲ್ಲ. ತೆರೆದಿದ್ದರೆ ಮಾತು ಅಷ್ಟು ನಿರರ್ಗಳವಾಗಿ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಶಿರಹಟ್ಟಿಯಲ್ಲಿ ಹೆಂಗಸರಿಗಾಗಿ ಒಂದು ವಯಸ್ಕರ ಶಿಕ್ಷಣ ಕೇಂದ್ರವನ್ನು ನಡೆಸಿದೆ. ಶಿಕ್ಷಕಿ ಸಿಗಲಿಲ್ಲವಾಗಿ ನಾನೇ ಕಲಿಸಲು ನಿಂತೆ. ಮಧ್ಯಾಹ್ನದ ಊಟವಾದ ಮೇಲೆ ಒಂದು ತಾಸು, ಹಳೆಯ ಗೋದಾಮಿನ ಪಡಸಾಲೆಯಲ್ಲಿ. ಗಂಡಸು ಕಲಿಸುವ ಶಾಲೆಗೆ ಸೊಸೆಯರನ್ನು ಒಂಟಿಯಾಗಿ ಕಳಿಸುವುದು ಹೇಗೆ? ಅದಕ್ಕೂ ಓಣಿಯವರು ಒಂದು ದಾರಿ ಕಂಡುಕೊಂಡರು. ಹತ್ತಿಯ ಗಾದಿ ತುಂಬುವ ಮನೆತನದ ಹಿರಿಯಳಾದ ಇಮಾಮಬಿ ಎಂಬಾಕೆ ಎಲೆ ಅಡಿಕೆಯ ಚೀಲ ಹಿಡಿದು ಬಾಗಿಲಿಗೆ ಅಡ್ಡಲಾಗಿ ಕುಳಿತುಕೊಳ್ಳತೊಡಗಿದಳು. ಅವಳು ಕಲಿಯಲು ಬಂದವಳಲ್ಲ, ನನ್ನನ್ನು ಕಾಯಲು ಬಂದವಳು. ಅವಳ ಸೊಸೆ ಮಾಲನಬಿ ಒಳಗೆ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು; ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಎಳೆಗಳು.

ಸರಕಾರ ಕೊಟ್ಟ ಪುಸ್ತಕದಲ್ಲಿ ಹಿತ್ತಲಿನ ಬಸಳೆ, ಶುದ್ಧ ನೀರು, ಚಿಕ್ಕ ಸಂಸಾರ ಇವೆಲ್ಲ ಇದ್ದವು. ನಾನು ಶ್ರದ್ಧೆಯಿಂದ ಕಲಿಸಿದೆ. ಹೆಂಗಸರು ಶ್ರದ್ಧೆಯಿಂದ ತೂಕಡಿಸಿದರು. ಒಬ್ಬೊಬ್ಬರಾಗಿ ಬರುವುದನ್ನೂ ಬಿಟ್ಟರು. ಒಂದು ದಿನ ನೀಲವ್ವ ಎಂಬವಳು ಸೆರಗಿನಲ್ಲಿ ಮುಚ್ಚಿ ಒಂದು ಪುಸ್ತಕ ತಂದಳು. ಬೆಟಗೇರಿಯಲ್ಲಿ ಮಗ್ಗದ ಕೆಲಸಕ್ಕಿದ್ದ ಅವಳ ತಮ್ಮ ಊರಿಗೆ ಬಂದವನು ಮರೆತು ಹೋದದ್ದು, ತಳವಾರ ಬೊಮ್ಮನ ಒಂದು ಕಾದಂಬರಿ.

"ಮಾಸ್ತರ್ರ, ಇದರ ಮ್ಯಾಲ ಹೆಣ ಐತಿ. ಒಳಗೇನೈತಿ ಒಂಚೂರು ಓದಿ ಹೇಳ್ರಿ."

ಇಂಥದ್ದು ಓದಬಾರದು ಎಂದೆ. ಬಾಗಿಲಿನಿಂದ ಇಮಾಮಬಿ, "ಓದಬಾರದು ಅನ್ನಾಕ ನೀವರೆ ಓದೀರೇನು?" ಎಂದಳು. ಫಲಕ ಗೆದ್ದ ನಾನು ನೀಲವ್ವನ ಕೈಯಿಂದ ಪುಸ್ತಕ ತೆಗೆದುಕೊಂಡೆ. ಒಂದು ಪುಟ ಮಾತ್ರ ಎಂದು ಓದಲು ತೊಡಗಿದೆ.

ಆ ಮಾಲೆಯ ಪ್ರತಿ ಪುಸ್ತಕವೂ ಒಂದೇ ಬಗೆಯಲ್ಲಿ ಆರಂಭವಾಗುತ್ತದೆ. ಯಾರೋ ಓಡಿಬಂದು ಕದ ಬಡಿಯುತ್ತಾರೆ. ಬೊಮ್ಮ ನಿಟ್ಟುಸಿರು ಬಿಟ್ಟು ಏಳುತ್ತಾನೆ, ಮಂಚದ ಕೆಳಗೆ ಕಾಲಾಡಿಸಿ ಕಾಲ್ಮರಿಗಳನ್ನು ಹುಡುಕಿ ಮೆಟ್ಟಿಕೊಳ್ಳುತ್ತಾನೆ. ಒಂದು ತಕ್ಷಣ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಆ ಪುಸ್ತಕ ಮುಗಿದ ಮೇಲೆ ಗದಗದಿಂದ ಉಳಿದವನ್ನೂ ನಾನೇ ತಂದೆ. ಕೆಲವೇ ವಾರಗಳಲ್ಲಿ, ನಾನು ಪುಸ್ತಕ ತೆರೆಯುತ್ತಿದ್ದಂತೆ ಇಡೀ ಪಡಸಾಲೆ, "ಇನ್ನೊಂದು ಎಲ್ಲೈತಿ?" ಎಂದು ಒಕ್ಕೊರಲಿನಿಂದ ಕೇಳಿ ನಗುವ ರೂಢಿಯಾಯಿತು. ಕೇಂದ್ರ ತುಂಬಿತು. ನಾನೂ ಒಂದು ಉಪಾಯ ಮಾಡಿದೆ. ಕತೆ ಬಿಗಿಯಾದಲ್ಲಿ ಓದು ನಿಲ್ಲಿಸಿ ಮುಂದಿನ ವಾಕ್ಯವನ್ನು ಹಲಗೆಯ ಮೇಲೆ ಬರೆದುಬಿಡುತ್ತಿದ್ದೆ, ಬೇಕಾದವರು ಓದಿಕೊಳ್ಳಬೇಕು. "ಬಸಳೆ"ಯ ಮೂರು ಅಕ್ಷರಗಳನ್ನೂ ಕೂಡಿಸಿ ಓದಲಾರದವರು "ಕಠಾರಿ" ಎಂಬ ಪದವನ್ನು ಒಂದೇ ಉಸಿರಿನಲ್ಲಿ ಓದಿದರು.

ಆದರೂ ನನ್ನೊಳಗಿನ ಸುಧಾರಕ ಸುಮ್ಮನಿರಲಿಲ್ಲ. ಒಂದು ಪುಸ್ತಕದಲ್ಲಿ ಬೊಮ್ಮ ರೊಟ್ಟಿಯೊಡನೆ ಕೆಂಪು ಮೆಣಸಿನಕಾಯಿಯ ಚಟ್ನಿ ತಿನ್ನುತ್ತಾನೆ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಎಷ್ಟೋ ಶತಮಾನಗಳ ಅನಂತರ, ಆದುದರಿಂದ ಈ ಲೇಖಕನನ್ನು ನಂಬಲಾಗದು ಎಂದು ನಾನು ಸವಿಸ್ತಾರವಾಗಿ ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು.

"ಆತಲ್ರಿ," ಎಂದಳು ಇಮಾಮಬಿ ಎಲೆಗೆ ಸುಣ್ಣ ಸವರುತ್ತ, "ಮೆಣಸಿನಕಾಯಿ ಇಲ್ಲದ ಊರಾಗ ಕೊಲಿ ಆಗೂದಿಲ್ಲೇನು? ಮುಂದ ಓದ್ರಿ ಜಲ್ದಿ."

ಈ ಪುಸ್ತಕಗಳಲ್ಲಿ ಅಂಥದ್ದೇನಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಲೋಕದಲ್ಲಿ ಸಿಗದ ನ್ಯಾಯ ಕತೆಯಲ್ಲಿಯಾದರೂ ಸಿಗುತ್ತದೆ ಎಂಬ ಸಮಾಧಾನವಿರಬಹುದು ಎಂದು ಮೊದಲು ಭಾವಿಸಿದೆ. ಎಲ್ಲವೂ ಹಳೆಯ ಕಾಲಕ್ಕೆ ಸೇರಿದುದರಿಂದ ರಕ್ತವೂ ಒಣಗಿರುತ್ತದೆ, ಹೆದರಿಕೆಯಿಲ್ಲದೆ ನೋಡಬಹುದು ಎಂಬುದು ಇನ್ನೊಂದು ವಾದ. ಒಮ್ಮೆ ಅವರನ್ನೇ ಕೇಳಿದೆ. ನೀಲವ್ವ, "ನಮ್ಮ ಲಕ್ಷ್ಮೇಶ್ವರದ ಖಬರ ಅಲ್ಲೇನ್ರಿ, ಅದಕ್ಕ" ಎಂದಳು. ಅಷ್ಟಾಗಿ ಮಾತಾಡದ ಮಾಲನಬಿ ಆ ದಿನ ಮಾತಾಡಿದಳು.

"ಅಂವ ಸೀದಾ ಅಡಗಿಮನಿಗೆ ಹೋಕ್ಕಾನ್ರಿ. ಸೆಟ್ಟಿ ಮನಿ ಇರ್ಲಿ, ಅರಸನ ಮನಿ ಇರ್ಲಿ. ಅಲ್ಲಿದ್ದ ಹೆಂಗಸನ್ನ ಕುಂಡ್ರಿಸಿ, ನೀ ಏನ್ ನೋಡಿದಿ ಹೇಳವ್ವಾ ಅಂತಾನ. ಆಮ್ಯಾಲೆ ಸುಮ್ಮನ ಕುಂಡ್ರತಾನ. ನಮ್ಮನ್ನ ಯಾರು ಹಂಗ ಕೇಳ್ಯಾರ?"

ನಾನು ಅದನ್ನು ಒಳ್ಳೆಯ ಅಭಿಪ್ರಾಯವೆಂದು ಮೆಚ್ಚಿ, ಪಾಠ ಮುಂದುವರಿಸಿದೆ.

ಕೆಲವು ತಿಂಗಳ ಮೇಲೆ ಮೇಲ್ವಿಚಾರಕರು ಬರುವರೆಂದು ಸುದ್ದಿ ಬಂತು. ಕಲಿಕೆ ತೃಪ್ತಿಕರವಲ್ಲದಿದ್ದರೆ ಕೇಂದ್ರ ಮುಚ್ಚುವುದು ಖಚಿತ. ಮಾಲನಬಿ ನನ್ನನ್ನು ತಡೆದು, "ಈ ತಾಸು ಹೋತಂದ್ರ ನನಗ ಹಗಲು ಅನ್ನೂದ ಇರೂದಿಲ್ರಿ. ಹತ್ತಿ, ಒಲಿ, ಹತ್ತಿ, ಅಷ್ಟ" ಎಂದಳು. ಅಂದಿನಿಂದ ಎಲ್ಲರಿಗೂ ತಿದ್ದಿ ತಿದ್ದಿ ಬರೆಸಿದೆ.

ಮೇಲ್ವಿಚಾರಕರು ಸೌಮ್ಯ ಸ್ವಭಾವದವರು. ಮಾಲನಬಿಯ ಕೈಗೆ ಪಾಟಿ ಕೊಟ್ಟು, "ನಮ್ಮ ಮನೆ" ಎಂಬುದರ ಬಗ್ಗೆ ಎರಡು ವಾಕ್ಯ ಬರೆಯಲು ಹೇಳಿದರು. ಅವಳು ನಾಲಗೆ ಕಚ್ಚಿಕೊಂಡು, ಒಂದು ಅಕ್ಷರವೂ ತಪ್ಪದಂತೆ, ಗುಂಡಗೆ ಬರೆದಳು:

"ನಮ್ಮ ಮನೆಯ ಕದಕ್ಕೆ ಒಳಗಿನಿಂದ ಅಗಳಿ ಹಾಕಲಾಗಿತ್ತು. ಒಳಗೆ ಜೀವಂತ ಮನುಷ್ಯರು ಯಾರೂ ಇರಲಿಲ್ಲ."

ಮನೆ ಎಂಬ ಶಬ್ದವನ್ನು ಅವಳು ಬೇರೆ ಯಾವ ವಾಕ್ಯದಲ್ಲಿ ಓದಿದ್ದಳು, ಪಾಪ! ಮೇಲ್ವಿಚಾರಕರು ಪಾಟಿಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು: "ಒಳಗ ಯಾರೂ ಇಲ್ಲಂದ್ರ ಅಗಳಿ ಹಾಕಿದವರು ಯಾರವ್ವಾ?"

"ಅದು ಇನ್ನೂ ಗೊತ್ತಾಗಿಲ್ರಿ," ಎಂದಳು ಮಾಲನಬಿ. "ಮಾಸ್ತರು ಅಲ್ಲಿಗೇ ನಿಂದ್ರಿಸ್ಯಾರ."

ಅವರು ನಕ್ಕರು, ನಾವೂ ನಕ್ಕೆವು, ಗೆದ್ದೆವೆಂದು ನಾನು ಅಂದುಕೊಂಡೆ. ಆದರೆ ಕೇಂದ್ರದಲ್ಲಿ ಪಠ್ಯವನ್ನು ಬಿಟ್ಟು ಅನ್ಯ ಪುಸ್ತಕಗಳನ್ನು ಬಳಸಲಾಗುತ್ತಿದೆ ಎಂದು ವರದಿ ಹೋಯಿತು. ನಾನು ಧಾರವಾಡಕ್ಕೆ ಹೋಗಿ ಕಚೇರಿಯಲ್ಲಿ ವಾದಿಸಿದೆ. ಬಹಳ ಚೆನ್ನಾಗಿ ವಾದಿಸಿದೆ ಎಂದು ಅಲ್ಲಿನ ಗುಮಾಸ್ತರೊಬ್ಬರು ಹೊಗಳಿದರು. ಕೇಂದ್ರ ಮುಚ್ಚಿತು.

ಪಾಟಿ ಹಲಗೆಗಳನ್ನು ಚಕ್ಕಡಿಗೆ ಹೇರುತ್ತಿದ್ದಾಗ ಮಾಲನಬಿ ಕಂಬದ ಹಿಂದೆ ನಿಂತಿದ್ದಳು. ಇಮಾಮಬಿ ಮಾತ್ರ ಹೊಸ್ತಿಲು ಬಿಟ್ಟು ಏಳಲಿಲ್ಲ.

"ಎಲ್ಲಾ ಒಯ್ರಿ. ಬೊಮ್ಮನ್ನ ಅಷ್ಟು ಬಿಟ್ಟು ಹೋಗ್ರಿ."

"ಯಾರು ಓದ್ತಾರವ್ವಾ ನಿಮಗ?"

"ಯಾರು ಅಂದ್ರ? ಇಕಿ. ಅಗಳಿ ಹಾಕಿದವರು ಯಾರಂತ ತಿಳಿಯೂ ತನಕಾ ನನಗ ಎಲಿ ರುಚಿ ಹತ್ತೂದಿಲ್ಲ. ದಿನಾ ಮಧ್ಯಾಹ್ನ ಇಕಿ ಓದೂದು, ನಾ ಕೇಳೂದು." ಆಮೇಲೆ ಕಂಬದ ಕಡೆ ತಿರುಗಿ, "ಅಳಬ್ಯಾಡಲೇ ಹುಚ್ಚಿ, ಪುಸ್ತಕ ತಗೋ" ಎಂದಳು.

ಸರಕಾರಕ್ಕೂ ನನಗೂ ಉಳಿಸಲಾಗದ ಆ ತಾಸನ್ನು ಅತ್ತೆಯ ಕುತೂಹಲ ಉಳಿಸಿತು. ಮುಂದೆ ಎಷ್ಟೋ ವರ್ಷ, ಶಿರಹಟ್ಟಿಯ ಕಡೆ ಹೋದಾಗಲೆಲ್ಲ ನಾನು ಆ ಓಣಿಯಲ್ಲಿ ಹಾಯುತ್ತಿದ್ದೆ. ಹತ್ತಿಯ ರಾಶಿಯ ನಡುವೆ ಮಾಲನಬಿ ಓದುತ್ತಿದ್ದರೆ, ಸುತ್ತ ನಾಲ್ಕು ಮನೆಯ ಹೆಂಗಸರು. ನಾನು ಕಟ್ಟಿದ ಪಾನನಿರೋಧ ಸಂಘ, ಸಹಭೋಜನ ಮಂಡಲಿ, ಯುವಕರ ವೇದಿಕೆ ಇವುಗಳಲ್ಲಿ ಯಾವುದೂ ಅಷ್ಟು ಕಾಲ ಬಾಳಲಿಲ್ಲ.

ಮೊನ್ನೆ ಬೆಂಚಿನ ಮೇಲೆ ಕುಳಿತು ಆ ಹೊಸ ಪುಸ್ತಕ ಕೊಂಡು ತೆರೆದೆ. ಬೊಮ್ಮನಿಗೆ ಈಗ ಹಲ್ಲುಗಳಿಲ್ಲ, ಮೊಣಕಾಲು ಮಡಚುವುದಿಲ್ಲ. ಇಷ್ಟು ಪುಸ್ತಕಗಳಲ್ಲಿ ಇಷ್ಟು ಕೊಲೆಗಡುಕರನ್ನು ಹಿಡಿದುಕೊಟ್ಟರೂ ಪುಲಿಗೆರೆ ಒಂದಿಷ್ಟೂ ಸುಧಾರಿಸಿಲ್ಲ. ಮತ್ತೆ ಯಾರೋ ಸತ್ತಿದ್ದಾರೆ, ಮತ್ತೆ ಕದ ಬಡಿಯುತ್ತಿದೆ. ಆತ ನಿಟ್ಟುಸಿರು ಬಿಟ್ಟು ಏಳುತ್ತಾನೆ.

ಪುಸ್ತಕವನ್ನು ಅಲ್ಲಿಗೇ ಮುಚ್ಚಿದೆ. ಮುಂಡರಗಿಯ ಕಡೆಯ ಆ ಹಳ್ಳಿಯಲ್ಲಿ ಬಾವಿಯ ಎದುರಿಗೆ ಎರಡು ಮನೆಗಳಿದ್ದವು. ಸಭೆಗೆ ಹೋಗುವಾಗಲೂ ಬರುವಾಗಲೂ ಅವುಗಳ ಬಾಗಿಲಲ್ಲಿ ಹೆಂಗಸರು ನಿಂತದ್ದನ್ನು ನಾನು ಕಂಡಿದ್ದೆ. ಅವರಿಗೆ ಕರಪತ್ರ ಕೊಟ್ಟಿದ್ದೆ. ನೀವೇನು ನೋಡಿದಿರಿ ಎಂದು ಕೇಳಿ ಸುಮ್ಮನೆ ಕುಳಿತಿರಲಿಲ್ಲ.

"ಮುಂಡರಗಿ, ಮುಂಡರಗಿ!" ಎಂದು ಕೂಗುತ್ತಿದ್ದ ಕಂಡಕ್ಟರ್ ನನ್ನ ಮುಂದೆ ನಿಂತ. "ಏನ್ರಿ ಹಿರ್ಯಾರ, ಬರೂದೈತೋ ಇಲ್ಲೋ? ಗಾಡಿ ಬಿಡಾಕ ಹತ್ತೀನಿ."

ಬೆಂಚಿನ ಕೆಳಗೆ ಕಾಲಾಡಿಸಿದೆ. ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದಕ್ಕಾಗಿ ಬಗ್ಗಿದೆ.